ಏಳನೆಯ ಗೇಟಿನ ಕೆಳಗಿನ ಗೆರೆ

“ಅಜ್ಜಾರೇ, ಯಾಕೆ ಮಾಡುತ್ತೇವೆ ಎಂದು ಯಾರಿಗೂ ಗೊತ್ತಿಲ್ಲದ ಕೆಲಸವನ್ನು ಮಾಡುತ್ತಲೇ ಇರಬೇಕೇ?” ಎಂದು ಕಲ್ಲಿನಾಥ ಕೇಳಿದ.

ಮಠದ ಗುರುಗಳನ್ನು ಆ ಸೀಮೆಯಲ್ಲಿ ಅಜ್ಜಾರು ಎನ್ನುತ್ತಾರೆ. ಕಲ್ಲಿನಾಥ ಅವರಲ್ಲಿ ಶಿಷ್ಯನಾಗಿ ಸೇರಿ ಒಂದು ವರ್ಷವಾಗಿತ್ತು. ಮಠದ ರೂಢಿಗಳನ್ನೆಲ್ಲ ಅವನು ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದ. ಕಾರಣ ಗೊತ್ತಿರುವವು ಎಡಕ್ಕೆ, ಗೊತ್ತಿಲ್ಲದವು ಬಲಕ್ಕೆ. ಬಲಗಡೆಯದೇ ಉದ್ದವಾಗಿತ್ತು. ಅಷ್ಟನ್ನೂ ಕೈಬಿಟ್ಟರೆ ಮಠ ಹಗುರಾಗುತ್ತದೆ ಎನ್ನುವುದು ಅವನ ಮಾತು.

ಅಜ್ಜಾರು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಬರಹ ಬಹಳ ಚೊಕ್ಕಟವಾಗಿದೆ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ನದಿಗೆ ಒಂದು ಅಣೆಕಟ್ಟು ಇತ್ತು. ಅದಕ್ಕೆ ಇಪ್ಪತ್ತು ಗೇಟು. ಯಾವ ದಿನ ಯಾವ ಗೇಟನ್ನು ಎಷ್ಟು ಅಡಿ ಎತ್ತಬೇಕು ಎನ್ನುವುದನ್ನು ಕಚೇರಿಯ ಕಂಪ್ಯೂಟರಿನಲ್ಲಿದ್ದ ಒಂದು ಹಳೇ ಪ್ರೋಗ್ರಾಮು ಹೇಳುತ್ತಿತ್ತು. ಅದನ್ನು ಬರೆದವರು ಎಂದೋ ಹೋಗಿಬಿಟ್ಟಿದ್ದರು. ಪ್ರೋಗ್ರಾಮು ಮಾತ್ರ ದಿನಾ ಬೆಳಿಗ್ಗೆ ತಪ್ಪದೆ ಒಂದು ಪಟ್ಟಿ ಹೊರಡಿಸುತ್ತಿತ್ತು. ಪಟ್ಟಿ ಹಾಳೆಯ ಮೇಲೆ ಅಚ್ಚಾಗಬೇಕು, ದೊಡ್ಡ ಸಾಹೇಬರು ಸಹಿ ಮಾಡಬೇಕು, ಹಾಳೆ ಗೇಟು ಮನೆಗೆ ಹೋಗಬೇಕು. ಗೇಟು ಮನೆಯವನಿಗೆ ಆ ಹಾಳೆಯೇ ಹುಕುಂ. ಹಾಳೆಯಲ್ಲಿ ಇದ್ದದ್ದನ್ನು ಎತ್ತುತ್ತಾನೆ, ಇಲ್ಲದ್ದನ್ನು ಮುಟ್ಟುವುದಿಲ್ಲ.

ಆ ಕಾಲದ ಪ್ರೋಗ್ರಾಮುಗಳಿಗೆ ಒಂದು ಪದ್ಧತಿ ಇತ್ತು. ಅವು ಹೊರಡಿಸುವ ಪ್ರತಿ ಸಾಲಿನ ಮೊದಲ ಅಕ್ಷರ ಓದುವವನಿಗೆ ಅಲ್ಲ, ಅಚ್ಚು ಹಾಕುವ ಯಂತ್ರಕ್ಕೆ. ಅಲ್ಲಿ ಒಂದು ಎಂದಿದ್ದರೆ ಹೊಸ ಪುಟ ತೆಗೆ ಎಂದು ಅಪ್ಪಣೆ. ಸೊನ್ನೆ ಇದ್ದರೆ ನಡುವೆ ಒಂದು ಸಾಲು ಖಾಲಿ ಬಿಡು ಎಂದು. ಏನೂ ಇಲ್ಲದೆ ಬರೀ ಜಾಗ ಇದ್ದರೆ, ಮುಂದಿನ ಸಾಲಿಗೆ ಹೋಗು ಎಂದು. ಕೂಡಿಸುವ ಗುರುತು ಇದ್ದರೆ, ಕಾಗದವನ್ನು ಸರಿಸಬೇಡ, ಹಿಂದಿನ ಸಾಲಿನ ಮೇಲೆಯೇ ಇನ್ನೊಮ್ಮೆ ಹೊಡೆ ಎಂದು. ಹಳೇ ಪ್ರಿಂಟರು ಬೀರುವಿನಷ್ಟು ದೊಡ್ಡದು, ಗಿರಣಿಯ ಹಾಗೆ ಸದ್ದು ಮಾಡುವಂಥದ್ದು. ಅದು ಈ ಮೊದಲ ಅಕ್ಷರವನ್ನು ನುಂಗಿಕೊಂಡು, ಹೇಳಿದ ಹಾಗೆ ಮಾಡುತ್ತಿತ್ತು. ಹಾಳೆಯ ಮೇಲೆ ಅದು ಯಾರಿಗೂ ಕಾಣುತ್ತಿರಲಿಲ್ಲ.

ಯಾವುದಾದರೂ ಗೇಟಿನ ಹತ್ತಿರ ಜನ ಕೆಲಸ ಮಾಡುತ್ತಿದ್ದರೆ ಆ ದಿನ ಅದನ್ನು ರದ್ದು ಮಾಡಬೇಕು. ಆಗ ಪ್ರೋಗ್ರಾಮು ಆ ಗೇಟಿನ ಸಾಲನ್ನು ಬರೆದು, ಅದರ ಮೇಲೆಯೇ ಒಂದು ಗೆರೆ ಹೊಡೆಸುತ್ತಿತ್ತು. ಸಾಲು ಹೊಡೆದು ಹಾಕಿದಂತೆ ಕಾಣುತ್ತಿತ್ತು. ಗೇಟು ಮನೆಯವನು ನೋಡಿ ಬಿಟ್ಟುಬಿಡುತ್ತಿದ್ದ.

ಈ ಕಂಪ್ಯೂಟರನ್ನು ಇಪ್ಪತ್ತೇಳು ವರ್ಷ ನೋಡಿಕೊಂಡವರು ಲೀಲಾಬಾಯಿ ಎಂಬ ಹೆಂಗಸು. ಅವರು ನಿವೃತ್ತರಾದರು. ಅವರ ಜಾಗಕ್ಕೆ ಚಿದಾನಂದ ಎಂಬವನು ಬಂದ. ಅವನನ್ನು ಆರು ತಿಂಗಳ ಮಟ್ಟಿಗೆ ತೆಗೆದುಕೊಂಡಿದ್ದರು. ಕೆಲಸ ನೋಡಿ ಮುಂದಿನ ಮಾತು ಎಂದಿದ್ದರು. ಹಾಗಾಗಿ ಅವನು ಯಾರ ಕಣ್ಣಿಗೂ ಕೆಲಸ ಗೊತ್ತಿಲ್ಲದವನಂತೆ ಕಾಣಬಾರದು ಎಂದು ಸದಾ ಎಚ್ಚರವಾಗಿರುತ್ತಿದ್ದ. ಗೊತ್ತಿಲ್ಲದ್ದು ಬಂದರೆ ತಲೆಯಾಡಿಸಿ, ಆಮೇಲೆ ಒಬ್ಬನೇ ಕೂತು ಬೆವರುತ್ತಿದ್ದ.

ಅವನು ಬಂದ ಮೂರನೇ ತಿಂಗಳಿಗೆ ಹಳೇ ಪ್ರಿಂಟರು ನಿಂತುಹೋಯಿತು. ಹೊಸದು ತಂದರು. ಮೇಜಿನ ಮೇಲೆ ಕೂರುವ ಪುಟ್ಟ ಪ್ರಿಂಟರು, ಸದ್ದೇ ಇಲ್ಲ. ಅದಕ್ಕೆ ಹಳೇ ಪದ್ಧತಿ ಗೊತ್ತಿಲ್ಲ. ಕೊಟ್ಟದ್ದನ್ನೆಲ್ಲ ಅಚ್ಚು ಹಾಕಿತು. ಹಾಳೆಯ ಎಡ ಅಂಚಿನ ಉದ್ದಕ್ಕೂ ಒಂದು, ಸೊನ್ನೆಗಳು ಬಿದ್ದವು.

ದೊಡ್ಡ ಸಾಹೇಬರು ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಏನಿದು ಕೋಳಿ ಕೆದರಿದ ಹಾಗೆ ಎಂದು ಎಲ್ಲರೆದುರು ಕೇಳಿದರು. ನಾಳೆಯಿಂದ ಸ್ವಚ್ಛವಾದ ಹಾಳೆ ಬರಬೇಕು, ಬಾರದಿದ್ದರೆ ಬರುವಂಥವರನ್ನು ಕರೆಸುತ್ತೇನೆ ಎಂದರು. ಪಕ್ಕದ ಟೇಬಲ್ಲಿನವರು ನಕ್ಕರು.

ಆ ಕಂಪ್ಯೂಟರಿನ ಒಳಗೇ ಎ, ಎಸ್, ಎ ಎಂಬ ಮೂರಕ್ಷರದ ಒಂದು ಸಣ್ಣ ಕಮಾಂಡು ಇತ್ತು. ಹಳೇ ಪ್ರೋಗ್ರಾಮು ಹೊರಡಿಸಿದ ಪಟ್ಟಿಯನ್ನು ಅದರ ಮೂಲಕ ಹಾಯಿಸಿದರೆ ಸಾಕು. ಮೊದಲ ಅಕ್ಷರದ ಅಪ್ಪಣೆಯನ್ನು ಅದು ಓದಿಕೊಂಡು, ಹೊಸ ಪ್ರಿಂಟರಿಗೆ ತಿಳಿಯುವ ಹಾಗೆ ಮಾಡಿ ಕೊಡುತ್ತಿತ್ತು. ಅದು ಹುಟ್ಟಿದ್ದೇ ಆ ಒಂದು ಕೆಲಸಕ್ಕೆ. ಅದು ಇದೆ ಎಂದು ಗೊತ್ತಿದ್ದವರು ಲೀಲಾಬಾಯಿ ಒಬ್ಬರೇ. ಅವರ ಫೋನ್ ನಂಬರನ್ನು ಅವರೇ ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಪಕ್ಕಕ್ಕೆ ಅಂಟಿಸಿ ಹೋಗಿದ್ದರು.

ಚಿದಾನಂದ ಆ ನಂಬರನ್ನು ನೋಡಿದ. ಫೋನನ್ನು ಕೈಗೂ ತೆಗೆದುಕೊಂಡ. ಕೇಳಿದರೆ ಅವರು ಹೇಳಿಕೊಡುತ್ತಾರೆ, ನಿಜ. ಆದರೆ ಅವರು ಇನ್ನೂ ಕಚೇರಿಯ ಕಾಲೊನಿಯಲ್ಲೇ ಇದ್ದಾರೆ, ಅಲ್ಲಿಯ ಹೆಂಗಸರು ಸಂಜೆ ಸೇರಿದಾಗ ಮಾತು ಬರುತ್ತದೆ. ಹೊಸಬನಿಗೆ ಒಂದು ಹಾಳೆ ಅಚ್ಚು ಹಾಕಲೂ ಬರುವುದಿಲ್ಲವಂತೆ ಎಂದು ಸಾಹೇಬರ ಮನೆಯವರೆಗೆ ಹೋಗುತ್ತದೆ. ಅವನು ಫೋನು ಕೆಳಗಿಟ್ಟ.

ಪ್ರತಿ ಸಾಲಿನ ಮೊದಲ ಅಕ್ಷರವನ್ನು ಕತ್ತರಿಸಿ ಬಿಸಾಡುವುದು ಹೇಗೆಂದು ಅವನಿಗೆ ಗೊತ್ತಿತ್ತು. ಅಷ್ಟನ್ನು ಮಾಡಿದ. ಮಾರನೆಯ ಬೆಳಿಗ್ಗೆ ಹಾಳೆ ಹಾಲಿನಲ್ಲಿ ತೊಳೆದಂತೆ ಬಂತು. ಸಾಹೇಬರು ನೋಡಿ, ಹೀಗಿರಬೇಕು ಎಂದರು. ಪಕ್ಕದ ಟೇಬಲ್ಲಿನವರು ಚಹಾ ಕುಡಿಸಿದರು.

ಹದಿನಾಲ್ಕು ದಿನ ಏನೂ ಆಗಲಿಲ್ಲ. ಆ ಹದಿನಾಲ್ಕು ದಿನದಲ್ಲಿ ಯಾವ ಗೇಟೂ ರದ್ದಾಗಿರಲಿಲ್ಲ. ಆದರೂ ಅವನಿಗೆ ನೆಮ್ಮದಿ ಇರಲಿಲ್ಲ. ಬಿಸಾಡಿದ ಆ ಅಕ್ಷರಗಳು ಏನಿದ್ದಿರಬಹುದು ಎಂದು ಊಟಕ್ಕೆ ಕೂತಾಗ ನೆನಪಾಗುತ್ತಿತ್ತು. ಕಸವೇ ಇದ್ದೀತು, ಕಸವಲ್ಲದಿದ್ದರೆ ಇಷ್ಟು ದಿನದಲ್ಲಿ ಯಾರಾದರೂ ಕೇಳುತ್ತಿದ್ದರು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಹದಿನೈದನೇ ದಿನಕ್ಕೆ ಒಂದು ಚೀಟಿ ಬಂತು. ಏಳನೆಯ ಗೇಟಿನ ಕೆಳಗೆ ನೀರು ಜಾರಿ ಹೋಗುವ ಸಿಮೆಂಟಿನ ಇಳಿಜಾರು ಬಿರುಕು ಬಿಟ್ಟಿದೆ, ಗಾರೆಯವರು ಬರುತ್ತಾರೆ, ಏಳನ್ನು ತೆರೆಯಬಾರದು ಎಂದು. ಚಿದಾನಂದ ಓದಿ, ತನ್ನ ಕೈಯಾರೆ ಏಳನ್ನು ರದ್ದು ಮಾಡಿದ. ಪ್ರೋಗ್ರಾಮು ತನ್ನ ಪದ್ಧತಿಯಂತೆ ಏಳರ ಸಾಲು ಬರೆಯಿತು. ಅದರ ಮೇಲೆಯೇ ಹೊಡೆ ಎನ್ನುವ ಗುರುತಿಟ್ಟು ಒಂದು ಗೆರೆ ಕೊಟ್ಟಿತು. ಆ ಗುರುತನ್ನು ಚಿದಾನಂದನ ಕತ್ತರಿ ಕತ್ತರಿಸಿತು.

ಗೆರೆ ಏಳರ ಮೇಲೆ ಬೀಳಲಿಲ್ಲ. ಏಳರ ಕೆಳಗೆ ಬಿತ್ತು.

ಚಿದಾನಂದ ಆ ಗೆರೆ ನೋಡಿದ. ರದ್ದಾಗಿದ್ದಕ್ಕೆ ಗುರುತು ಹಾಕಿದೆ ಎಂದುಕೊಂಡ. ದೊಡ್ಡ ಸಾಹೇಬರು ಸಹಿ ಮಾಡುವಾಗ ನೋಡಿದರು. ಹೊಸ ಪ್ರಿಂಟರಿನ ಅಂದಚೆಂದ ಎಂದುಕೊಂಡರು. ಒಂಬತ್ತು ಗಂಟೆಗೆ ಹಾಳೆ ಗೇಟು ಮನೆಗೆ ಹೋಯಿತು. ಅಲ್ಲಿ ಗೇಟು ಎತ್ತುವ ಹುಸೇನಸಾಬ ನೋಡಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ಹೊಡೆದು ಹಾಕಿದ ಸಾಲು ಕಂಡಿದ್ದ, ಅಡಿಗೆರೆ ಎಳೆದ ಸಾಲು ಕಂಡಿರಲಿಲ್ಲ. ಮುಖ್ಯವಾದ ಮಾತಿನ ಅಡಿಗಲ್ಲವೇ ಜನ ಗೆರೆ ಎಳೆಯುವುದು. ಇವತ್ತು ಏಳನ್ನೇ ಮೊದಲು ಎತ್ತಬೇಕು ಎಂದುಕೊಂಡ.

ಗೇಟು ಮನೆ ಅಣೆಕಟ್ಟಿನ ನೆತ್ತಿಯ ಮೇಲೆ, ನಡುಮಧ್ಯದಲ್ಲಿ. ಅದರ ಕಿಟಕಿ ತುಂಬಿದ ನೀರಿನ ಕಡೆಗೆ. ಇಳಿಜಾರು ಇನ್ನೊಂದು ಮಗ್ಗುಲಿಗೆ, ಅಲ್ಲಿಂದ ಕಾಣುವುದಿಲ್ಲ. ಆ ಇಳಿಜಾರಿನಲ್ಲಿ ತಿಪ್ಪಣ್ಣ ಎಂಬ ಗಾರೆಯವನೂ ಅವನ ಹೆಂಡತಿ ದುರುಗವ್ವನೂ ಕೆಳಗಿನಿಂದ ಬಿದಿರಿನ ಸಾರುವೆ ಕಟ್ಟಿಕೊಂಡು ಹತ್ತಿದ್ದರು. ಅವನು ಬಿರುಕು ಕೆತ್ತುತ್ತಿದ್ದ, ಅವಳು ಸಿಮೆಂಟು ಕಲಸಿ ಕೊಡುತ್ತಿದ್ದಳು. ಸೈರನ್ ಕೂಗಿದರೆ ಹೆದರಬೇಡಿ, ಅದು ಬೇರೆ ಗೇಟುಗಳಿಗೆ, ನಿಮ್ಮದು ಇವತ್ತು ರದ್ದು ಎಂದು ಅವರಿಗೆ ಬೆಳಿಗ್ಗೆಯೇ ಹೇಳಿದ್ದರು.

ಗೇಟು ಎತ್ತುವುದು ಹನ್ನೊಂದಕ್ಕೆ. ಹತ್ತೂವರೆಗೆ ಮೊದಲ ಸೈರನ್ ಆಯಿತು. ದುರುಗವ್ವ ತಲೆ ಎತ್ತಿ ನೋಡಿದಳು.

“ನಮ್ಮ ಮದುವ್ಯಾಗೂ ಇಷ್ಟು ಊದಿದ್ದಿಲ್ಲ,” ಎಂದ ತಿಪ್ಪಣ್ಣ. ಅವಳು ನಕ್ಕು ಕರಣೆ ಕೈಗೆ ಕೊಟ್ಟಳು.

ಅದೇ ಹೊತ್ತಿಗೆ ಲೀಲಾಬಾಯಿ ಕ್ವಾರ್ಟರ್ಸಿನ ಬೀಗದ ಕೈ ಒಪ್ಪಿಸಲು ಕಚೇರಿಗೆ ಬಂದರು. ಅವರು ಮಗಳ ಊರಿಗೆ ಹೊರಟಿದ್ದರು. ಗುಮಾಸ್ತ ರಸೀದಿ ಬರೆಯುತ್ತಿದ್ದ. ಹಳೇ ಅಭ್ಯಾಸ, ಅವರು ಚಿದಾನಂದನ ಮೇಜಿನ ಹತ್ತಿರ ಬಂದು ನಿಂತರು. ಹಾಳೆಯ ಇನ್ನೊಂದು ಪ್ರತಿ ಅಲ್ಲಿತ್ತು. ಕನ್ನಡಕ ಏರಿಸಿ ನೋಡಿದರು. ಹಾಳೆ ಬಹಳ ಚಂದ ಬಂದಿದೆ ಎಂದರು. ಅವನಿಗೆ ಹಿಗ್ಗಾಯಿತು. ಆಮೇಲೆ ಅವರ ಬೆರಳು ಒಂದು ಕಡೆ ನಿಂತಿತು.

“ಏನೋ ತಮ್ಮಾ, ಏಳರ ಕೆಳಗ ಗೆರಿ ಯಾಕ ಎಳದೀ?”

“ನಾ ಎಳದಿಲ್ರೀ ಬಾಯಾರ. ಪ್ರೋಗ್ರಾಮ್ ಎಳದೈತ್ರಿ.”

“ಆ ಪ್ರೋಗ್ರಾಮಿಗೆ ಅಡಿಗೆರಿ ಎಳಿಯಾಕ ಬರೂದಿಲ್ಲೋ,” ಎಂದರು ಲೀಲಾಬಾಯಿ. “ಅದಕ್ಕ ಬರೂದು ಹೊಡದು ಹಾಕೂದು ಒಂದ.”

ಅವನಿಗೆ ತಕ್ಷಣ ತಿಳಿಯಲಿಲ್ಲ. ಮೊದಲ ಅಕ್ಷರ ಏನು ಮಾಡಿದೆ ಎಂದು ಅವರು ಕೇಳಿದರು. ಕತ್ತರಿಸಿದೆ ಎಂದ. ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು. ಏಳರ ಕೆಳಗೆ ಜನ ಇದ್ದಾರೇನು ಎಂದು ಮಾತ್ರ ಕೇಳಿದರು. ಇದ್ದಾರೆ ಎಂದ. ಗೋಡೆಯ ಗಡಿಯಾರದಲ್ಲಿ ಹತ್ತೂ ನಲವತ್ತೆರಡು ಆಗಿತ್ತು.

ಅವನು ಗೇಟು ಮನೆಗೆ ಫೋನು ಹಚ್ಚಿದ. ಸಿಗಲಿಲ್ಲ. ಗೇಟು ಎತ್ತುವ ಮುಂಚೆ ನದಿಯ ಕೆಳಗಿನ ಏಳೂ ಊರುಗಳಿಗೆ ಹುಸೇನಸಾಬ ಒಂದೊಂದಾಗಿ ಫೋನು ಮಾಡಿ, ಹೊಳೆಯ ಹತ್ತಿರ ಯಾರೂ ಇರಬೇಡಿ ಎಂದು ಹೇಳಬೇಕು. ಅದು ನಿಯಮ. ಅವನು ಆ ನಿಯಮವನ್ನು ಒಂದು ದಿನವೂ ತಪ್ಪಿಸಿದವನಲ್ಲ. ಗೇಟು ಮನೆಯೊಳಗೆ ಮೊಬೈಲು ಇಟ್ಟುಕೊಳ್ಳುವಂತಿಲ್ಲ, ಅದೂ ನಿಯಮ. ಚಿದಾನಂದ ಮತ್ತೆ ಹಚ್ಚಿದ. ಮತ್ತೆ ಹಚ್ಚಿದ. ಹುಸೇನಸಾಬ ಊರುಗಳ ಜನರನ್ನು ಕಾಪಾಡುತ್ತಿದ್ದ, ಫೋನು ಖಾಲಿಯಾಗಲಿಲ್ಲ.

ನೀವು ಹಚ್ಚುತ್ತಲೇ ಇರಿ ಎಂದು ಫೋನನ್ನು ಲೀಲಾಬಾಯಿಯವರ ಕೈಗೆ ಕೊಟ್ಟು ಅವನು ಓಡಿದ.

ಮೊದಲು ಬೆಟ್ಟದ ಮಗ್ಗುಲಿನ ಮೆಟ್ಟಿಲು. ಆಮೇಲೆ ಅಣೆಕಟ್ಟಿನ ನೆತ್ತಿಯ ಮೇಲೆ ಮುಕ್ಕಾಲು ಮೈಲಿ ನೆಟ್ಟನೆಯ ದಾರಿ. ಮೆಟ್ಟಿಲು ಮುಗಿಯುವುದರೊಳಗೆ ಎರಡನೇ ಸೈರನ್ ಆಯಿತು. ಅವನು ಓಡುವವನಲ್ಲ, ಕೂತು ಕೆಲಸ ಮಾಡುವವನು. ಪಕ್ಕೆ ಹಿಡಿದುಕೊಂಡಿತು. ಇಪ್ಪತ್ತನೇ ಗೇಟು ದಾಟಿತು, ಹತ್ತೊಂಬತ್ತು ದಾಟಿತು. ಗೇಟುಗಳ ನಂಬರನ್ನು ಅವನು ದಿನಾ ಹಾಳೆಯ ಮೇಲೆ ನೋಡಿದ್ದ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಇಷ್ಟು ದೂರ ಇದೆ ಎಂದು ಗೊತ್ತಿರಲಿಲ್ಲ. ಹಾಳೆಯ ಮೇಲೆ ಅವು ಒಂದರ ಕೆಳಗೆ ಒಂದು, ಅಂಟಿಕೊಂಡು ಇರುತ್ತಿದ್ದವು.

ಚಪ್ಪಲಿ ಕಿತ್ತು ಬಿಸಾಡಿ ಓಡಿದ. ಕೂಗಿ ನೋಡಿದ. ಎದುರು ಗಾಳಿ ಕೂಗನ್ನು ಹಿಂದಕ್ಕೆ ಒಯ್ದಿತು. ಬಗ್ಗಿ ಕೆಳಗೆ ನೋಡೋಣ ಎಂದರೆ ಕಟ್ಟೆ ಎದೆಯೆತ್ತರ, ನಿಂತರೆ ಹೊತ್ತು ಹೋಗುತ್ತದೆ. ನಿಲ್ಲಲಿಲ್ಲ. ಗೇಟು ಮನೆ ಕಾಣುತ್ತಿತ್ತು, ಹತ್ತಿರ ಬರುತ್ತಿರಲಿಲ್ಲ. ಹುಸೇನಸಾಬ ಅಡಿಗೆರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಪಟ್ಟಿಯಲ್ಲಿ ಮೊದಲಿದ್ದ ಮೂರನೇ ಗೇಟಿನಿಂದ ಶುರು ಮಾಡಿದರೆ ಸಾಕು ಎಂದು ಬೇಡಿಕೊಂಡ.

ಮೂರನೇ ಸೈರನ್ ಅವನ ತಲೆಯ ಮೇಲೆಯೇ ಆಯಿತು. ಅವನು ಬಾಗಿಲು ನೂಕಿ ಒಳಗೆ ಬಿದ್ದ. ಮೋಟಾರು ಗುಯ್ ಎನ್ನುತ್ತಿತ್ತು. ಹುಸೇನಸಾಬನ ಎದುರಿಗೆ ಏಳರ ದೀಪ ಉರಿಯುತ್ತಿತ್ತು. ಚಿದಾನಂದನಿಗೆ ಉಸಿರಿಲ್ಲ, ಮಾತು ಹೊರಡಲಿಲ್ಲ. ಬೇರೆ ಯಾರೂ ಮುಟ್ಟಬಾರದ ಕೆಂಪು ಗುಂಡಿಯನ್ನು ಅಂಗೈಯಲ್ಲಿ ಅದುಮಿದ.

ಗೇಟು ನಿಂತಿತು. ಒಂದು ಗೇಣು ಎದ್ದಿತ್ತು. ಗೇಟು ನಿಂತರೆ ನೀರು ನಿಲ್ಲುವುದಿಲ್ಲ. ಹುಸೇನಸಾಬ ಅವನ ಮುಖ ನೋಡಿ, ಏನೂ ಕೇಳದೆ ಇಳಿಸುವ ಗುಂಡಿ ಒತ್ತಿದ. ಎತ್ತುವುದಕ್ಕಿಂತ ಇಳಿಸುವುದು ನಿಧಾನ, ಆ ಒಂದು ಗೇಣು ಇಳಿಯಲು ನಾಲ್ಕು ನಿಮಿಷ ಬೇಕು. ಮಾಡಲು ಬೇರೆ ಏನೂ ಇರಲಿಲ್ಲ. ಗೇಟು ಎಷ್ಟು ಎದ್ದಿದೆ ಎಂದು ತೋರಿಸುವ ಮುಳ್ಳನ್ನು ಇಬ್ಬರೂ ನೋಡುತ್ತಾ ನಿಂತರು. ಕೆಳಗಿನಿಂದ ಬರುತ್ತಿದ್ದದ್ದು ನೀರಿನ ಸದ್ದು ಮಾತ್ರ. ಆ ನಡುವೆ ಫೋನು ಹೊಡೆದುಕೊಂಡಿತು. ಅದು ಲೀಲಾಬಾಯಿಯವರದು. ಇಬ್ಬರೂ ಎತ್ತಲಿಲ್ಲ.

ಆಮೇಲೆ ಇಬ್ಬರೂ ಇಳಿದರು. ಗೋಡೆಯೊಳಗೆ ಇನ್ನೂರಕ್ಕೂ ಹೆಚ್ಚು ಮೆಟ್ಟಿಲು. ಚಿದಾನಂದ ಅಲ್ಲಿಗೆ ಬಂದು ಮೂರು ತಿಂಗಳಾಗಿತ್ತು, ಒಮ್ಮೆಯೂ ಆ ಮೆಟ್ಟಿಲು ಇಳಿದಿರಲಿಲ್ಲ. ಗೇಟುಗಳಿಗೆ ಕೆಳಗಿನ ಮಗ್ಗುಲು ಹೇಗಿರುತ್ತದೆ ಎಂದು ನೋಡಿರಲಿಲ್ಲ. ನೋಡಿದಾಗ ಸಾರುವೆ ಇರಲಿಲ್ಲ. ಬುಟ್ಟಿ, ಕರಣೆ, ಸಿಮೆಂಟಿನ ಚೀಲ ಏನೂ ಇರಲಿಲ್ಲ. ಇಳಿಜಾರು ತೊಳೆದಿಟ್ಟಂತೆ ಬರಿದಾಗಿತ್ತು.

ಪಕ್ಕದ ಕಂಬದ ಗೋಡೆಗೆ ಕಬ್ಬಿಣದ ಬಳೆಗಳನ್ನು ನೆಟ್ಟು ಏಣಿ ಮಾಡಿದ್ದರು. ಅದರಲ್ಲಿ ದುರುಗವ್ವ ಇದ್ದಳು. ಒಂದು ಕೈ ಬಳೆಯಲ್ಲಿ. ಇನ್ನೊಂದು ಕೈಯಲ್ಲಿ ಗಂಡನ ಅಂಗಿಯ ಕೊರಳಪಟ್ಟಿ. ಗೇಟು ನರಳಿದ ಸದ್ದು ಕೇಳಿದ ಕೂಡಲೇ ತಿಪ್ಪಣ್ಣ ಅವಳನ್ನು ಏಣಿಗೆ ನೂಕಿದ್ದ. ತಾನು ಹಿಡಿಯುವುದರೊಳಗೆ ಸಾರುವೆಯ ಬಿದಿರು ಅವನ ಪಾದವನ್ನು ಕಂಬಕ್ಕೆ ಅರೆದು ಹೋಗಿತ್ತು. ಅವನು ಬದುಕಿದ್ದ. ಆ ಪಾದ ಮುಂದೆ ಯಾವ ಸಾರುವೆಯನ್ನೂ ಹತ್ತಲಿಲ್ಲ.

ಹಗ್ಗ ಹಾಕಿ ಇಬ್ಬರನ್ನೂ ಈಚೆಗೆ ತಂದರು. ಕೊರಳಪಟ್ಟಿ ಹಿಡಿದ ಬೆರಳುಗಳನ್ನು ಅವಳು ಬಿಡಿಸಲಿಲ್ಲ, ಬಿಡಿಸಲು ಅವಳಿಗೆ ಆಗಲೂ ಇಲ್ಲ. ಹುಸೇನಸಾಬ ಅಳುತ್ತಿದ್ದ.

“ಯಾರ್ ಹೇಳಿದ್ರು ತೆಗೀರಿ ಅಂತ?” ಎಂದು ಅವಳು ಕೇಳಿದಳು.

ಹುಸೇನಸಾಬ ಜೇಬಿನಿಂದ ಹಾಳೆ ತೆಗೆದು ತೋರಿಸಿದ. ಸಾಹೇಬರ ಸಹಿ ಇತ್ತು. ಅವಳಿಗೆ ಓದು ಬಾರದು. ಹಾಳೆಯನ್ನು ನೋಡಿದಳು, ಸಹಿ ನೋಡಿದಳು, ಪಕ್ಕದಲ್ಲಿ ಬರಿಗಾಲಲ್ಲಿ ನಿಂತವನನ್ನು ನೋಡಿದಳು. ಚಿದಾನಂದ ನಾನು ಎಂದ.

ಸಂಜೆ ಲೀಲಾಬಾಯಿ ಬಸ್ಸು ಬಿಟ್ಟು ಕಚೇರಿಯಲ್ಲಿ ಕೂತು ಆ ಮೂರಕ್ಷರ ಹೊಡೆದು ತೋರಿಸಿದರು. ಬೈಯಲಿಲ್ಲ. ಹೊಸ ಪ್ರಿಂಟರು ಅದೇ ಪಟ್ಟಿಯನ್ನು ಮತ್ತೆ ಅಚ್ಚು ಹಾಕಿತು. ಅಂಚಿನಲ್ಲಿ ಒಂದೂ ಇರಲಿಲ್ಲ, ಸೊನ್ನೆಯೂ ಇರಲಿಲ್ಲ. ಏಳರ ಸಾಲಿನ ಮೇಲೆ ಗೆರೆ ಸರಿಯಾಗಿ ಬಿದ್ದಿತ್ತು. ಹಾಳೆ ಮೊದಲಿಗಿಂತ ಸ್ವಚ್ಛವಾಗಿತ್ತು.

ಅಜ್ಜಾರು ಕತೆ ನಿಲ್ಲಿಸಿದರು.

ಕಲ್ಲಿನಾಥ ಅಜ್ಜಾರ ಕೈಯಲ್ಲಿದ್ದ ತನ್ನ ಹಾಳೆಯನ್ನು ನೋಡಿದ. ಹಾಗಾದರೆ ಹಿಂದಿನವರು ಇಟ್ಟುಹೋದ ಯಾವುದನ್ನೂ ತೆಗೆಯಲೇಬಾರದೇ ಎಂದು ಸ್ವಲ್ಪ ಮುನಿಸಿನಿಂದಲೇ ಕೇಳಿದ. ಕಸ ಎನ್ನುವುದು ಇರುವುದೇ ಇಲ್ಲವೇ ಎಂದೂ ಕೇಳಿದ.

ಅಜ್ಜಾರು ಹಾಳೆಯನ್ನು ಅವನ ಕೈಗೆ ಕೊಟ್ಟರು.

“ಇರುತ್ತದೆ, ತೆಗಿ, ಆದರೆ ಮೊದಲು ಇಳಿದು ಹೋಗಿ, ಕೆಳಗೆ ಯಾರು ನಿಂತಿದ್ದಾರೆ ನೋಡಿ ಬಾ.”